ಅವ್ವನ ಚೀಲದಲ್ಲಿ ಇದ್ದದ್ದು

ಫೆಬ್ರವರಿ 11, ಮಂಗಳವಾರ

ಇವತ್ತೂ ಅವ್ವನಿಗೆ ಪಾಠ. ಅಂಗಡಿಯಲ್ಲಿ ದಿನಾ ಮಾಡುವ ಪಾಠವೇ. ಅಲ್ಲಿಯವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ, ಅವ್ವ ಮಾತ್ರ ನಡುನಡುವೆ ಎದ್ದು ಒಲೆ ನೋಡಲು ಹೋಗುತ್ತಾಳೆ.

ರಾಯಲ್ ಸರ್ಕಲ್ ಹತ್ತಿರದ ನಮ್ಮ ಅಂಗಡಿಯಲ್ಲಿ ವಿಮಾನದ ಟಿಕೆಟು, ವೀಸಾ ಎಲ್ಲ ಮಾಡಿಸಿಕೊಡುತ್ತೇವೆ. ನಮ್ಮ ಅಂಗಡಿ ಅಂದರೆ ಸುಂಕಣ್ಣನವರದು, ನಾನು ಸಂಬಳದವಳು. ಕೊಲ್ಲಿ ದೇಶಕ್ಕೆ ಹೊರಟವರಿಗೆ ಅಲ್ಲಿನ ರೀತಿ ರಿವಾಜು ಹೇಳಿ ಕಳಿಸುವುದು ನನ್ನ ಪಾಲಿನ ಕೆಲಸ. ಹೆಂಗಸರ ಫೋಟೊ ತೆಗೆಯಬೇಡಿ, ರಸ್ತೆಯಲ್ಲಿ ಉಗುಳಬೇಡಿ, ರಂಜಾನಿನಲ್ಲಿ ಹಗಲು ಬೀದಿಯಲ್ಲಿ ನೀರು ಸಹ ಕುಡಿಯಬೇಡಿ, ಮಾತ್ರೆ ಒಯ್ದರೆ ಡಾಕ್ಟರ ಚೀಟಿ ಇರಲಿ. ಊರವರಿಗೆಲ್ಲ ಪಾಸ್‌ಪೋರ್ಟ್ ಮಾಡಿಸಿಕೊಟ್ಟಿದ್ದೇನೆ. ನನಗೇ ಇನ್ನೂ ಮಾಡಿಸಿಕೊಂಡಿಲ್ಲ. ಹೋಗುವುದಾದರೂ ಎಲ್ಲಿಗೆ?

ಅವ್ವ ಹೊರಟಿರುವುದು ನನ್ನ ತಂಗಿ ಸುಮಂಗಲಾಳ ಬಾಣಂತನಕ್ಕೆ. ಅವಳ ಗಂಡ ಭೀಮರಾಜ ಮೊದಲು ಕುಡತಿನಿಯ ಕರೆಂಟಿನ ಕಾರ್ಖಾನೆಯಲ್ಲಿ ಫಿಟ್ಟರ್ ಇದ್ದ, ಈಗ ಹೆಂಡತಿ ಜೊತೆ ಕೊಲ್ಲಿಯ ಒಂದು ಊರಿನಲ್ಲಿದ್ದಾನೆ. ಆ ಊರಿನ ಹೆಸರು ಅವ್ವನ ನಾಲಿಗೆಗೆ ತಿರುಗುವುದಿಲ್ಲ. "ಸುಮಿ ಊರು" ಅನ್ನುತ್ತಾಳೆ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ.

ಚೀಲ ಬಿಚ್ಚಿಸಿ ನೋಡಿದೆ. ಉಪ್ಪಿನಕಾಯಿ ತೆಗೆದೆ. ಎಲೆ ಅಡಿಕೆ ತೆಗೆದೆ. ಗಸಗಸೆ ಪೊಟ್ಟಣ ಸಿಕ್ಕಿತು.

"ಇದು ಅಲ್ಲಿ ಅಫೀಮಿಗೆ ಸಮ ಅವ್ವ. ಜೈಲಿಗೆ ಹಾಕ್ತಾರ."

"ಪಾಯಸಕ್ಕ ಹಾಕೋ ಗಸಗಸಿಗೆ ಜೈಲೇನಲೇ? ಎಂಥಾ ಮಂದಿ ಅವರು!"

"ಅವರ ಊರು, ಅವರ ಕಾಯಿದೆ. ತೆಗಿ ಅಂದ್ರ ತೆಗಿ."

ಗೊಣಗುತ್ತಾ ಪೊಟ್ಟಣವನ್ನು ಪಕ್ಕದ ಮನೆಯ ಗುಲ್ಜಾರಬೀಗೆ ಕೊಟ್ಟು ಬಂದಳು.

ಆಮೇಲೆ ಮುಖ್ಯವಾದದ್ದನ್ನು ಉರು ಹೊಡೆಸಿದೆ. ಬೇರೆಯವರ ಗಂಟು ಒಯ್ದು ಸಿಕ್ಕಿಬಿದ್ದವರ ಕತೆ ನಾನು ಎಷ್ಟು ಕೇಳಿಲ್ಲ! ಅದಕ್ಕೇ, ಚೀಲದಲ್ಲಿ ಏನಿದೆ ಅಂತ ಯಾರು ಕೇಳಿದರೂ ಒಂದೇ ಉತ್ತರ: ಎಲ್ಲಾ ನಂದು, ನಾನೇ ಕಟ್ಟಿದ್ದು. ಅಲ್ಲಿಯವರಿಗೆ ಹಿಂದಿ ತಿಳಿಯುತ್ತದೆ, ಅವ್ವನಿಗೆ ಬರುವುದು ನಮ್ಮ ಕೌಲ್‌ಬಜಾರಿನ ಹಿಂದಿ. "ಸಬ್ ಮೇರಾಚ್ ಹೈ, ಮೈಚ್ ಬಾಂಧಿ" ಅಂತ ಗುಲ್ಜಾರಬೀ ಕಲಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ.

"ಎಷ್ಟು ಸಲ ಕೇಳಿದ್ರೂ ಮಾತು ಬದಲಾಯಿಸಬ್ಯಾಡ. ನನ್ನಾಣಿ ಐತಿ" ಅಂದೆ.

"ಆತಲೇ ಸರೂ, ನಿನ್ನಾಣಿ" ಅಂದಳು.

ಫೆಬ್ರವರಿ 14, ಶುಕ್ರವಾರ

ಅವ್ವನನ್ನು ವಿಮಾನ ನಿಲ್ದಾಣದ ಒಳಗೆ ಕಳಿಸಿ ಬೆಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೇನೆ. ಬಳ್ಳಾರಿ ಬಸ್ಸಿಗೆ ಇನ್ನೂ ಹೊತ್ತಿದೆ.

ಗಾಜಿನ ಬಾಗಿಲಿನ ಆಚೆ ಹೋಗಿ ತಿರುಗಿ ನೋಡಿದಳು. ಹೊಸ ಇಳಕಲ್ ಸೀರೆ, ಕಾಲಿಗೆ ಒಂದು ಬೆರಳು ದೊಡ್ಡದಾದ ಬೂಟು. ಕೈ ಬೀಸಬೇಕೋ ಬೇಡವೋ ಅನ್ನುವ ಅನುಮಾನ ಅವಳಿಗೆ. ಅಲ್ಲಿ ಕೈ ಬೀಸಬಾರದು ಅಂತ ನಾನೇನಾದರೂ ಹೇಳಿದ್ದೆನೇ? ಹೇಳಿಲ್ಲ. ಕೊನೆಗೆ ಕೈ ಮುಗಿದು ಒಳಗೆ ಹೋದಳು. ಮುದ್ದು ಬಂತು, ಅಳುವೂ ಬಂತು.

ದಾರಿಯಲ್ಲಿ ಬಾಣಂತಿಯ ಅಂಟಿನ ಉಂಡಿ ಡಬ್ಬಿ ತೆಗೆದು ನನಗೊಂದು ಕೊಟ್ಟಿದ್ದಳು. ಅದನ್ನು ಗುಲ್ಜಾರಬೀಯೇ ಕಟ್ಟಿದ್ದು. ಬಾಣಂತಿಯ ಮೊದಲ ಉಂಡಿಯನ್ನು ಕೂಸು ಕಳೆದುಕೊಂಡ ಕೈ ಕಟ್ಟಬಾರದು ಅಂತ ಕರೂರಿನಲ್ಲಿ, ಅವ್ವನ ತವರುಮನೆಯಲ್ಲಿ, ಒಂದು ನೇಮ. ನಮ್ಮಿಬ್ಬರಿಗಿಂತ ಮೊದಲು ಹುಟ್ಟಿದ ಎರಡು ಗಂಡು ಕೂಸುಗಳು ಅವ್ವನಿಗೆ ದಕ್ಕಲಿಲ್ಲ. "ನನ್ನ ಕೈ ಬ್ಯಾಡ, ಗುಲ್ಜಾರನ ಕೈ ತಂಪೈತಿ" ಅಂದಿದ್ದಳು. ಮೂಢನಂಬಿಕೆ ಅಂತ ಬೈದೆ, ಉಂಡಿ ಮಾತ್ರ ತಿಂದೆ. ಕೊಬ್ಬರಿ, ಉತ್ತತ್ತಿ, ಕರಿದ ಅಂಟು, ಹಲ್ಲಿಗೆ ಸಣ್ಣಗೆ ಚುರುಚುರು. ಬಹಳ ರುಚಿಯಾಗಿತ್ತು.

ಫೆಬ್ರವರಿ 15, ಶನಿವಾರ

ಭೀಮರಾಜ ಫೋನ್ ಮಾಡಿದ್ದ. ವಿಮಾನ ಇಳಿದಿದೆ. ಎಲ್ಲರೂ ಹೊರಗೆ ಬಂದರಂತೆ. ಅವ್ವ ಬಂದಿಲ್ಲ.

ಫೆಬ್ರವರಿ 16, ಭಾನುವಾರ

ಉಂಡಿಯಲ್ಲಿ ಗಸಗಸೆ.

ಒಂದು ಉಂಡಿ ಮುರಿದು ನೋಡಿದರಂತೆ, ಆಮೇಲೆ ಡಬ್ಬಿಯನ್ನೆಲ್ಲ ಮುರಿದರಂತೆ. ಅವ್ವನನ್ನು ಪೊಲೀಸರ ವಶಕ್ಕೆ ಕೊಟ್ಟಿದ್ದಾರೆ. ಭೀಮರಾಜನಿಗೂ ಅವಳನ್ನು ತೋರಿಸಿಲ್ಲ. ಅತ್ತ ಸುಮಿಗೆ ಹೊಟ್ಟೆ ಕೊಯ್ದು ಹೆರಿಗೆಯಾಗಿದೆ, ಗಂಡು ಕೂಸು. ಅವಳಿಗೆ ಇನ್ನೂ ಹೇಳಿಲ್ಲವಂತೆ.

ಚಿಕ್ಕಂದಿನಿಂದ ಖಾಲಾ, ಅಂದರೆ ಚಿಕ್ಕವ್ವ, ಅಂತ ನಾನು ಕರೆಯುವ ಗುಲ್ಜಾರಬೀ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ನನ್ನ ಮೈಮೇಲೆ ನನಗೆ ಖಬರು ಇರಲಿಲ್ಲ.

"ಗಸಗಸೆ ಹಾಕಿದ್ಯಾ ಖಾಲಾ ಉಂಡಿಗೆ?"

"ಹೂಂ ಮತ್ತ. ಈರಮ್ಮಕ್ಕ ಪೊಟ್ಟಣ ತಂದು ಕೊಟ್ಟಳಲ್ಲ. ಕೆಡಸೋದು ಯಾಕ ಅಂತ ಹುರದು ಹಾಕಿದ್ನಿ."

"ಅದು ಒಯ್ಯಬಾರದು ಅಂತ ನಿಂಗ ಗೊತ್ತಿರಲಿಲ್ಲ?"

"ಗಸಗಸಿ ಒಯ್ಯಬಾರದು. ಉಂಡ್ಯಾಗ ಬಿದ್ದ ಮ್ಯಾಲ ಅದು ಉಂಡಿ ಅಲ್ಲೇನವ್ವ?"

"ನಿನ್ನ ಪ್ರೀತಿಗೆ ಬೆಂಕಿ ಹಾಕ! ನನ್ನ ಅವ್ವನ್ನ ಜೈಲಿಗೆ ಹಾಕಿಸಿದಿ ನೀನು!"

ಓಣಿಯ ಮಂದಿಯೆಲ್ಲ ಹೊರಗೆ ಬಂದರು. ಇನ್ನೂ ಏನೇನೋ ಅಂದೆ, ಬರೆಯಲು ಕೈ ಬರುವುದಿಲ್ಲ. ಅವಳು ಮೊರವನ್ನು ಕೆಳಗಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಗಂಡ ಚಾಂದಸಾಬ್ ಅವಳನ್ನು ಒಳಗೆ ಕರೆದು ಬಾಗಿಲು ಹಾಕಿದರು.

ಫೆಬ್ರವರಿ 18, ಮಂಗಳವಾರ

ಕುರುಗೋಡಿಗೆ ಹೋಗಿ ಭೀಮರಾಜನ ತಾಯಿ ಪಾರಮ್ಮನಿಗೆ ಹೇಳಿಬಂದೆ. ಫೋನಿನಲ್ಲಿ ಹೇಳುವ ಸುದ್ದಿಯಲ್ಲ.

"ದಿನಾ ಮಂದಿಗೆ ಬುದ್ಧಿ ಹೇಳಾಕಿ ನೀನು. ನಿಮ್ಮವ್ವಗ ಹೇಳಾಕ ಆಗಲಿಲ್ಲೇನು? ನಾಳೆ ನನ್ನ ಮಗನ ಕೆಲಸಕ್ಕ ಸಂಚಕಾರ ಬಂದ್ರ?" ಅಂದಳು.

ಸ್ವಲ್ಪ ಹೊತ್ತಾದ ಮೇಲೆ ಅವಳೇ ತಣ್ಣಗಾದಳು. "ಕೂಸಿಗೆ ಯಾರು ಎಣ್ಣಿ ಹಚ್ಚತಾರ? ಯಾರು ಎರೀತಾರ?" ಅಂತ ತನ್ನಷ್ಟಕ್ಕೆ ತಾನೇ ಕೇಳಿಕೊಂಡಳು. ಊಟಕ್ಕೆ ಹಾಕಿದಳು, ಅರ್ಧಕ್ಕೇ ಎದ್ದೆ. ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಬಂದೆ. ಗುಲ್ಜಾರಬೀ ಬಾಗಿಲು ಇನ್ನೂ ಹಾಕಿಯೇ ಇತ್ತು. ಹಾಕಿಯೇ ಇರಲಿ.

ಫೆಬ್ರವರಿ 21, ಶುಕ್ರವಾರ

ಭೀಮರಾಜ ಅಲ್ಲಿ ಒಬ್ಬ ಮಲಯಾಳಿ ವಕೀಲರನ್ನು ಹಿಡಿದಿದ್ದಾನೆ. ಕಾಗದ ಪತ್ರ ನೋಡಿ ಅವರು ತಲೆ ಮೇಲೆ ಕೈ ಹೊತ್ತರಂತೆ.

ಬೇರೆ ಯಾರೋ ಮಾಡಿಕೊಟ್ಟ ತಿಂಡಿ, ಒಳಗೆ ಏನಿದೆ ಗೊತ್ತಿರಲಿಲ್ಲ ಅಂದಿದ್ದರೆ ಬಿಡಿಸಿಕೊಳ್ಳಲು ದಾರಿ ಇತ್ತಂತೆ. ಅವ್ವ ವಿಮಾನ ನಿಲ್ದಾಣದಲ್ಲಿ ಹೇಳಿದ್ದೂ ಒಂದೇ, ಠಾಣೆಯಲ್ಲಿ ಹೇಳಿದ್ದೂ ಒಂದೇ, ದೊಡ್ಡ ಅಧಿಕಾರಿಯ ಮುಂದೆ ಹೇಳಿದ್ದೂ ಒಂದೇ. ಸಬ್ ಮೇರಾಚ್ ಹೈ. ಮೈಚ್ ಬಾಂಧಿ. ಯಾರು ಕೊಟ್ಟರು ಅಮ್ಮಾ ಅಂತ ಒಬ್ಬ ಪುಣ್ಯಾತ್ಮ ಬಾಯಿಬಿಟ್ಟು ಕೇಳಿದನಂತೆ. ಅವನಿಗೂ ಅದೇ. ಅರಬ್ಬಿಯಲ್ಲಿ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ.

ಹೀಗೇ ನಿಂತರೆ ವರ್ಷಗಟ್ಟಲೆ ಆಗಬಹುದು ಅಂದರಂತೆ ವಕೀಲರು. ಅವ್ವನಿಗೆ ಬಿಪಿ ಇದೆ. ಮಾತ್ರೆಗೆ ಡಾಕ್ಟರ ಚೀಟಿ ಎಷ್ಟು ಜೋಪಾನವಾಗಿ ಇಟ್ಟಿದ್ದೆ. ಮಾತ್ರೆ ಕೊಡುತ್ತಿದ್ದಾರೋ ಇಲ್ಲವೋ ಗೊತ್ತಿಲ್ಲ.

ಅಂಗಡಿಗೆ ಸಿರುಗುಪ್ಪ ಕಡೆಯ ಒಬ್ಬ ಹೆಂಗಸು ಬಂದಿದ್ದಳು, ಮನೆಗೆಲಸಕ್ಕೆ ಹೊರಟವಳು. "ಅಲ್ಲಿ ಹೆಂಗಿರಬೇಕು ಹೇಳ್ರಿ ಮೇಡಂ" ಅಂದಳು. ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಸುಂಕಣ್ಣನವರು ನೀರು ತರಿಸಿಕೊಟ್ಟು ಮನೆಗೆ ಹೋಗು ಅಂದರು.

ನನ್ನಾಣೆ ಇಟ್ಟಿದ್ದೆನಲ್ಲ. ನನ್ನಾಣೆ.

ಫೆಬ್ರವರಿ 27, ಗುರುವಾರ

ಅವ್ವ ಮಾತಾಡಿದಳು. ಭೀಮರಾಜ ಭೇಟಿಗೆ ಹೋಗಿ ಅಲ್ಲಿನ ಫೋನಿನಿಂದ ಮಾಡಿಸಿದ. ಹೆಚ್ಚು ಹೊತ್ತು ಬಿಡುವುದಿಲ್ಲವಂತೆ.

"ಸರೂ, ಉಂಡೇನಲೇ?"

"ಅವ್ವ, ಮೊದಲು ಕೇಳು. ಖರೇ ಹೇಳಿಬಿಡು. ಉಂಡಿ ಗುಲ್ಜಾರ್ ಖಾಲಾ ಮಾಡಿದ್ದು, ನಿಂಗ ಗೊತ್ತಿರಲಿಲ್ಲ ಅನ್ನು. ನನ್ನ ಆಣಿ ತೆಗೆದೀನಿ."

ಫೋನನ್ನು ಕಿವಿಗೆ ಒತ್ತಿಕೊಂಡೆ.

"ಅವ್ವ!"

"ಕೇಳ್ತೈತಿ. ನಿನ್ನಾಣಿಗೆ ಅಲ್ಲಲೇ ನಾ ಸುಮ್ಮನಿರೋದು. ಮೊದಲನೇ ದಿನ ನಿನ್ನಾಣಿಗೆ ಅಂದ್ನಿ, ಖರೇ. ಆಮ್ಯಾಲ ಹೊಳೀತು. ಗುಲ್ಜಾರನ ಮಗ ಆಸಿಂ ಇದೇ ಊರಾಗ ಅದಾನ. ತಾಯಿ ಹೆಸರು ಹೇಳಿದ್ರ ಮಗನ್ನ ಹುಡುಕ್ಕಂಡು ಹೋಗ್ತಾರ. ಅಕಿ ನನ್ನ ಮಗಳಿಗೆ ಉಂಡಿ ಕಟ್ಟಿ ಕೊಟ್ಟಾಳ. ನಾ ಅಕಿ ಮಗಗ ಬೇಡಿ ಹಾಕಸಲಾ?"

"ನೀ ಅಲ್ಲಿ ಸಾಯ್ತಿ ಅವ್ವ."

"ಕೂಸು ಯಾರ ಹಂಗ ಐತಿ?"

ಅಷ್ಟರಲ್ಲಿ ಕಟ್ಟಾಯಿತು. ನಾನು ಅವಳಿಗೆ ಹೇಳಿಕೊಟ್ಟ ಬುದ್ಧಿಮಾತುಗಳಲ್ಲಿ ಇದು ಎಲ್ಲಿತ್ತು? ಆಸಿಂ ಅಲ್ಲಿ ಲಾರಿ ಓಡಿಸುತ್ತಾನೆ. ಅವನ ವೀಸಾ ಮಾಡಿಸಿಕೊಟ್ಟದ್ದೂ ನಾನೇ. ನನಗೆ ಅವನ ನೆನಪೇ ಬಂದಿರಲಿಲ್ಲ.

ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದೇನೆ. ನಾನು ಹೋದರೂ ಏನು ಮಾಡುತ್ತೇನೆ? ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮಾರ್ಚ್ 2, ಭಾನುವಾರ

ಇವತ್ತು ರಂಜಾನಿನ ಮೊದಲ ರೋಜಾ, ಮೊದಲ ಉಪವಾಸ. ಸಂಜೆ ಗುಲ್ಜಾರಬೀ ತಾನೇ ಬಂದಳು. ಎಷ್ಟೋ ದಿನದ ಮೇಲೆ ಅವಳ ಮುಖ ನೋಡಿದೆ. ಕೆನ್ನೆ ಒಳಗೆ ಹೋಗಿವೆ.

"ಈರಮ್ಮಕ್ಕ ಏನಂದಳು?" ಅಂತ ಕೇಳಿದಳು. ಸುಳ್ಳು ಹೇಳೋಣ ಅಂದುಕೊಂಡೆ. ಆಗಲಿಲ್ಲ, ಎಲ್ಲಾ ಹೇಳಿದೆ. ಆಸಿಂನ ಹೆಸರು ಬಂದಾಗ ಅವಳು ಕೂತಲ್ಲೇ ನೆಲಕ್ಕೆ ಕೈ ಊರಿದಳು.

"ನನ್ನ ಹೆಸರು ನಾನ ಬರಸಿಕೊಡ್ತೀನಿ. ಎಲ್ಲಿ ಹೆಬ್ಬೆಟ್ಟು ಒತ್ತಬೇಕು ಹೇಳು" ಅಂದಳು.

ಹಿಂದೆಯೇ ಬಂದಿದ್ದ ಚಾಂದಸಾಬ್ ಬಾಗಿಲಲ್ಲಿ ನಿಂತಿದ್ದರು. "ಬುದ್ಧಿ ಐತೇನು ನಿಂಗ? ಇರೋನು ಒಬ್ಬ ಮಗ."

"ಈರಮ್ಮಕ್ಕಗೂ ಅದು ಗೊತ್ತೈತಿ. ಅದಕ್ಕs ಒಳಗ ಕುಂತಾಳ. ನಾ ಹೊರಗ ಕುಂತು ರೋಜಾ ಬಿಡಲೇನು? ನನ್ನ ಗಂಟಲಾಗ ಖಜೂರ ಇಳೀತೈತೇನು?"

ಅವರು ಹೊರಟುಹೋದರು. ನಾನು ಅವಳ ಕೈ ಹಿಡಿದುಕೊಂಡೆ. ಆ ದಿನ ಬೀದಿಯಲ್ಲಿ ಅಂದ ಮಾತಿಗೆ ತಪ್ಪಾಯಿತು ಅನ್ನಬೇಕಿತ್ತು. "ಇಲ್ಲೇ ರೋಜಾ ಬಿಡು ಖಾಲಾ" ಅಂತಷ್ಟೇ ಅಂದೆ.

ಮಾರ್ಚ್ 6, ಗುರುವಾರ

ಬಳ್ಳಾರಿಯಲ್ಲಿ ನೋಟರಿ ಮುಂದೆ ಖಾಲಾ ಹೇಳಿಕೆ ಕೊಟ್ಟಳು. ಅದನ್ನು ಅರಬ್ಬಿಗೆ ಮಾಡಿಸಬೇಕು ಅಂತ ವಕೀಲರು ಹೇಳಿದ್ದರು. ಸಿರುಗುಪ್ಪದಲ್ಲಿ ಅರಬ್ಬಿ ಕಲಿಸುವ ಅಶ್ಫಾಕ್ ಉಸ್ತಾದರು ಇದ್ದಾರೆ. ಬಸ್ ಸ್ಟ್ಯಾಂಡಿಗೆ ಆಟೋ ತಂದವರು ಚಾಂದಸಾಬ್.

ದಾರಿಯುದ್ದಕ್ಕೂ ಬಿಸಿಲು ಕುದಿಯುತ್ತಿತ್ತು. ಖಾಲಾ ರೋಜಾ. ನಾನೂ ಯಾಕೋ ನೀರು ಕುಡಿಯಲಿಲ್ಲ, ಬಾಟಲಿ ಚೀಲದಲ್ಲೇ ಉಳಿಯಿತು.

ಉಸ್ತಾದರು ಹೇಳಿಕೆ ಓದಿ ಕನ್ನಡಕ ತೆಗೆದರು. "ಇಲ್ಲಿ 'ನನ್ನ ಸ್ವಂತ ಮಗಳಿಗೆ ಮಾಡಿದಂತೆ ಮಾಡಿದೆ' ಅಂತ ಐತಿ. ಕೋರ್ಟಿಗೆ ಇದು ಬೇಕಾಗಿಲ್ಲಮ್ಮ. ಬಿಡಲೇನು?"

"ಬಿಡಬ್ಯಾಡ್ರಿ" ಅಂದಳು ಖಾಲಾ. "ಅದs ಖರೇ ಇರೋದು. ಉಳಿದಿದ್ದು ಬೇಕಾದ್ರ ಬಿಡ್ರಿ."

ಅವರು ನಕ್ಕು ಅದನ್ನೂ ಬರೆದರು. ರೋಜಾ ಬಿಡುವ ಹೊತ್ತಿಗೆ ಸಿರುಗುಪ್ಪ ಬಸ್ ಸ್ಟ್ಯಾಂಡಿನಲ್ಲಿದ್ದೆವು. ಒಂದು ಖಜೂರ ಅವಳು ತಿಂದಳು, ಒಂದು ನನ್ನ ಬಾಯಿಗೆ ಇಟ್ಟಳು.

ಮಾರ್ಚ್ 13, ಗುರುವಾರ

ಏನೂ ಇಲ್ಲ. ಕಾಗದ ತಲುಪಿದೆ. ಅವ್ವ ತಾನೇ ಬಾಯಿಬಿಟ್ಟು ಒಪ್ಪದಿದ್ದರೆ ಬರೀ ಕಾಗದದಿಂದ ಆಗದು ಅನ್ನುತ್ತಾರಂತೆ. ಅವ್ವ ಒಪ್ಪುತ್ತಿಲ್ಲ. ಸುಮಿ ಫೋನಿನಲ್ಲಿ ಅಳುತ್ತಾಳೆ, ಕೂಸು ಅಳುತ್ತದೆ, ಯಾರು ಯಾರಿಗೆ ಸಮಾಧಾನ ಮಾಡುವುದು?

ದೇವರೇ, ಆ ಮುದುಕಿಗೆ ಸ್ವಲ್ಪ ಸ್ವಾರ್ಥ ಕೊಡು.

ಮಾರ್ಚ್ 19, ಬುಧವಾರ

ಮತ್ತೆ ಫೋನ್ ಸಿಕ್ಕಿತು. ನಾನು ಮಾತಾಡಲಿಲ್ಲ. ಖಾಲಾಳ ಕೈಗೆ ಕೊಟ್ಟೆ.

"ಈರಮ್ಮಕ್ಕ, ನಾ ಗುಲ್ಜಾರ."

"ನೀ ಯಾಕ ಬಂದಿ? ಫೋನ್ ಇಡು. ಇವರು ಕೇಳಸ್ಕಂತಾರ."

"ಕೇಳಲಿ. ನಾ ಕಟ್ಟಿದ ಉಂಡಿ ನಂದು ಅಂತ ಹೇಳಿದ್ಯಂತಲ್ಲ. ನಾಚಿಕಿ ಆಗಲಿಲ್ಲ? ಕೊಬ್ಬರಿ ತುರುದು ನನ್ನ ಕೈ ಕೊಯ್ಕಂಡೈತಿ."

ಅವ್ವ ನಕ್ಕಳೋ ಅತ್ತಳೋ, ಒಂದು ಸದ್ದು ಬಂತು.

"ಆಸಿಂ ಅದಾನಲೇ ಇಲ್ಲಿ."

"ಆಸಿಂಗ ನಾ ಹೇಳೀನಿ. ಹೇಳಾಕ ಹಚ್ಚು ಅಮ್ಮಾ ಅಂದ. ಅಕ್ಕ, ನೀ ಏನು ಹೇಳಿದ್ದಿ ನಂಗ? ಕೂಸು ಕಳಕಂಡ ಕೈ ಈ ಉಂಡಿ ಮುಟ್ಟಬಾರದು, ನೀ ಕಟ್ಟು ಅಂದಿದ್ದಿ. ಈಗ ಅಷ್ಟು ಮಂದಿ ಮುಂದ ನಾನ ಕಟ್ಟೀನಿ ಅಂತ ದಿನಾ ಹೇಳಾಕತ್ತೀಯಲ್ಲ. ಸುಮಿ ಕೂಸಿನ ಮ್ಯಾಲ ಯಾಕ ಹಾಕ್ತಿ ಅದನ್ನ?"

ಕಟ್ಟಾಯಿತೇ ಅಂತ ಖಾಲಾ ಪರದೆ ನೋಡಿದಳು. ಆಮೇಲೆ ಅವ್ವನ ದನಿ, ಬಹಳ ಸಣ್ಣಗೆ.

"ಹಂಗಂತೀಯಾ?"

"ಹಂಗs. ನನ್ನ ಹೆಸರು ಹೇಳು. ಚಾಂದಸಾಬನ ಹೇಣ್ತಿ ಗುಲ್ಜಾರಬೀ, ಕೌಲ್‌ಬಜಾರ್, ಬಳ್ಳಾರಿ. ಅನ್ನು ನೋಡೋಣ."

ಅವ್ವ ಅಂದಳು. ಒಂದೊಂದೇ ಪದ, ನಾನು ಉರು ಹೊಡೆಸಿದ ಹಾಗೆಯೇ. ಮೂಢನಂಬಿಕೆ ಅಂತ ನಾನು ಬೈದದ್ದು ಇದಕ್ಕೇ ಅಲ್ಲವೇ.

ಮಾರ್ಚ್ 22, ಶನಿವಾರ

ಆಸಿಂನನ್ನು ಠಾಣೆಗೆ ಕರೆದಿದ್ದಾರೆ. ಅವನ ಫೋನ್ ಆಫ್. ಖಾಲಾ ಜಪಮಣಿ ಹಿಡಿದು ಗೋಡೆ ನೋಡುತ್ತಾ ಕೂತಿದ್ದಾಳೆ. ಚಾಂದಸಾಬ್ ನನ್ನ ಮುಖ ನೋಡುತ್ತಿಲ್ಲ. ನೋಡದಿದ್ದರೆ ತಪ್ಪೇನು? ನಾನು ಅವರ ಮನೆಯಲ್ಲೇ ಇದ್ದೇನೆ. ಸೆಹರಿಗೆ, ನಸುಕಿನ ಊಟಕ್ಕೆ, ರೊಟ್ಟಿ ನಾನೇ ಬಡಿದೆ.

ಮಾರ್ಚ್ 26, ಬುಧವಾರ

ಆಸಿಂನನ್ನು ಬಿಟ್ಟರು. ಹೊಡೆದಿಲ್ಲ, ಬರೀ ಕೇಳಿದರಂತೆ. ಕಂಪನಿಯವನು ಮಾತ್ರ ಪೊಲೀಸರು ಹುಡುಕಿ ಬಂದವನು ಬೇಡ, ಹಬ್ಬ ಆದ ಮೇಲೆ ಊರಿಗೆ ಹೋಗು ಅಂದಿದ್ದಾನೆ. ಇದನ್ನು ಕೇಳಿ ಖಾಲಾ, "ಬರಲಿ ಬಿಡು, ಅವನ ಮುಖ ನೋಡಿ ಬಾಳ ದಿನ ಆತು" ಅಂದಳು. ಆಮೇಲೆ ಒಳಗೆ ಹೋಗಿ ಅತ್ತಳು. ಆ ಕೆಲಸದಿಂದಲೇ ಅವನ ತಂಗಿ ಶಬಾನಾಳ ಓದು ನಡೆದಿತ್ತು.

ಅವ್ವನ ಕೇಸೂ ಮುಗಿಯಿತು. ಬೇಕೆಂದು ಮಾಡಿಲ್ಲ ಅಂತ ಒಪ್ಪಿದ್ದಾರೆ. ಆದರೆ ಊರೊಳಗೆ ಬಿಡುವುದಿಲ್ಲ. ಜೈಲಿನಿಂದ ನೇರ ವಿಮಾನಕ್ಕೆ. ಮುಂದೆಯೂ ಆ ದೇಶಕ್ಕೆ ಕಾಲಿಡುವಂತಿಲ್ಲ. ಸುಮಿ ಕೂಸನ್ನು ಎತ್ತಿಕೊಂಡು ನಿಲ್ದಾಣಕ್ಕೆ ಹೋಗುತ್ತೇನೆ ಅಂದಳು. ಒಳಗಿನ ದಾರಿಯಿಂದ ಕರೆದೊಯ್ಯುತ್ತಾರೆ, ಕಾಣುವುದಿಲ್ಲ ಅಂದರಂತೆ ವಕೀಲರು.

ಮಾರ್ಚ್ 29, ಶನಿವಾರ

ಅವ್ವ ಬಂದಳು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ಹೊರಗೆ ಬರುವ ಬಾಗಿಲಲ್ಲಿ ನಾನೂ ಖಾಲಾಳೂ ನಿಂತಿದ್ದೆವು. ಅದೇ ಇಳಕಲ್ ಸೀರೆ, ಅದರೊಳಗೆ ಅರ್ಧ ಅವ್ವ. ನಮ್ಮನ್ನು ನೋಡಿದಳು, ಗುರುತು ಹಿಡಿದಂತೆ ಕಾಣಲಿಲ್ಲ. ಓಡಿ ಹೋಗಿ ಕೈಯಲ್ಲಿದ್ದ ಚೀಲಕ್ಕೆ ಕೈ ಹಾಕಿದೆ.

ಚೀಲವನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದಳು.

"ಸಬ್ ಮೇರಾಚ್ ಹೈ" ಅಂದಳು. "ಮೈಚ್ ಬಾಂಧಿ."

ಖಾಲಾ ಅವಳನ್ನು ತಬ್ಬಿಕೊಂಡಳು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಇವತ್ತು ರಂಜಾನ್. ನಿನ್ನೆ ನಮ್ಮ ಮನೆಯಲ್ಲಿ ಹೋಳಿಗೆ ಆಗಲಿಲ್ಲ. ಇವತ್ತು ಖಾಲಾ ಸುರಕುಂಬಾ, ಹಬ್ಬದ ಶಾವಿಗೆ ಪಾಯಸ, ತಂದಳು. ಬಟ್ಟಲನ್ನು ಕೈಯಲ್ಲಿ ಹಿಡಿದು ಅವ್ವ ಅದರೊಳಗೆ ಬಹಳ ಹೊತ್ತು ನೋಡಿದಳು.

"ಹಾಕಿಲ್ಲ ಅಕ್ಕ" ಅಂದಳು ಖಾಲಾ. "ಈ ವರ್ಷ ಹಾಕಿಲ್ಲ."

ಅವ್ವ ಎರಡು ಚಮಚ ತಿಂದಳು.

ಸಂಜೆ ಸುಮಿ ವಿಡಿಯೋ ಕಾಲ್ ಮಾಡಿದಳು. ಪರದೆಯ ತುಂಬ ಕೂಸಿನ ಮುಖ. ಅವ್ವ ಬೆರಳಿನಿಂದ ಗಾಜಿನ ಮೇಲೆ ಅದರ ಹಣೆ ಸವರಿದಳು, ಚಿತ್ರ ಸರಿದುಹೋಯಿತು. ನಾನು ಮತ್ತೆ ತಂದುಕೊಟ್ಟೆ.

"ಅವ್ವ, ನೆತ್ತಿ ಇನ್ನೂ ಮೆತ್ತಗೈತಿ, ಬಡಬಡ ಅಂತ ಹಾರತೈತಿ. ನಂಗ ಹೆದರಿಕಿ ಆಗತೈತಿ, ಏನು ಮಾಡಲಿ?" ಅಂದಳು ಸುಮಿ.

ಇಂಥ ಮಾತಿಗೆ ಅವ್ವ ತಡೆಯುವವಳೇ ಅಲ್ಲ. ಓಣಿಯ ಬಾಣಂತಿಯರಿಗೆಲ್ಲ ಹೇಳಿದವಳು. ಬಾಯಿ ತೆರೆದಳು, ಮುಚ್ಚಿದಳು. ಫೋನನ್ನು ಸೆರಗಿನಿಂದ ಮುಚ್ಚಿ ನನ್ನ ಕಡೆ ತಿರುಗಿ ಪಿಸುಗುಟ್ಟಿದಳು.

"ಸರೂ, ಕೂಸಿನ ನೆತ್ತಿಗೆ ಎಣ್ಣಿ ಒತ್ತು ಅಂತ ಹೇಳಬಹುದೇನಲೇ? ಅಲ್ಲಿ ನಡೀತೈತಾ?"

ಖಾಲಾ ನನ್ನ ಮುಖ ನೋಡಿದಳು. ಅತ್ತ ಸುಮಿ "ಅವ್ವ, ಅವ್ವ" ಅನ್ನುತ್ತಿದ್ದಳು.

"ನಡೀತೈತವ್ವ, ಹೇಳು" ಅಂದೆ.

ನನಗೆ ಗೊತ್ತಿಲ್ಲ.